ಹೂಂ ಎಂದದ್ದು

ತೆಕ್ಕಲೂರು ದಾಟುವಷ್ಟರಲ್ಲಿ ಕರೆಂಟ್ ಕಾರಿನ ಚಾರ್ಜು ತೋರಿಸುವ ಹಸಿರು ಗೆರೆಗಳಲ್ಲಿ ಇನ್ನೊಂದು ಆರಿಹೋಯಿತು. ದಂಡಪಾಣಿ ಅದನ್ನು ನೋಡಿಯೂ ನೋಡದವನಂತೆ ರಸ್ತೆಯ ಮೇಲೆ ಕಣ್ಣು ನೆಟ್ಟ. ಎಸಿ ಹಾಕಿದರೆ ಬ್ಯಾಟರಿ ಬೇಗ ತೀರುತ್ತದೆಂದು ಎರಡೂ ಕಡೆಯ ಕಿಟಕಿ ಅರ್ಧ ಇಳಿಸಿ, ಲಾರಿಗಳು ಎಬ್ಬಿಸಿದ ಧೂಳು ಕುಡಿಯುತ್ತ ಎಡಗಡೆಯ ಸಾಲಿನಲ್ಲೇ ಹೋಗುತ್ತಿದ್ದ. ಒಂದು ಕಾಲದಲ್ಲಿ ಈ ಕಾರು ಅವಿನಾಶಿಯಿಂದ ಪೋತ್ತನೂರಿಗೆ ಹೋಗಿ ಬಂದ ಮೇಲೂ ಎರಡು ಗೆರೆ ಉಳಿಸಿಕೊಂಡು ಶೆಡ್ಡಿನಲ್ಲಿ ನಿಲ್ಲುತ್ತಿತ್ತು. ಈಗ ಹೋಗಿ ಮುಟ್ಟಿದರೆ ಸಾಕು, ಬರುವ ಮಾತು ಆಮೇಲೆ. ಪೋತ್ತನೂರಿನಲ್ಲಿ ಗೋಪಿನಾಥ್ ಎನ್ನುವವನು ಬ್ಯಾಟರಿ ಬದಲಿಸುವ ಅಂಗಡಿ ಇಟ್ಟಿದ್ದಾನೆ, ಇದೇ ಜಾತಿಯ ಇನ್ನೊಂದು ಹಳೇ ಕಾರು ಅವನ ಹತ್ತಿರ ಬಂದಿದೆಯಂತೆ, ಎರಡರ ಬ್ಯಾಟರಿಯನ್ನೂ ಬಿಚ್ಚಿ ಗಟ್ಟಿಯಿರುವ ಸೆಲ್ಲುಗಳನ್ನೆಲ್ಲ ಸೇರಿಸಿದರೆ ಒಂದು ಕಾರು ಮೊದಲಿನ ಹಾಗೆ ಓಡುತ್ತದಂತೆ. ಇಷ್ಟನ್ನು ಹೆಂಡತಿ ರುಕ್ಮಣಿ ಫೋನಿನಲ್ಲಿ ಮಾತಾಡಿ ತಿಳಿದುಕೊಂಡು, ಹೋದ ವಾರ ಅಡುಗೆಮನೆಯ ಬಾಗಿಲಲ್ಲಿ ಅವನಿಗೆ ಎದುರಾಗಿ ನಿಂತು ಹೇಳಿದ್ದಳು. ಎದುರಾಗಿ ಹೇಳಿದ್ದರಿಂದ ಅವನಿಗೆ ಪೂರ್ತಿ ತಿಳಿದಿತ್ತು. ಒಂದು ಕಾರು ಎಂದರೆ ಯಾವ ಕಾರು ಎಂದು ಕೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ. ತನ್ನದಲ್ಲದೆ ಇನ್ಯಾರದು?

ಈಗ ಅವಳು ಪಕ್ಕದಲ್ಲಿ ಕೂತು ಮಾತಾಡುತ್ತಿದ್ದಳು. ಮಾತಾಡುತ್ತಿದ್ದಾಳೆ ಎಂದು ಅವನಿಗೆ ಗೊತ್ತಾದದ್ದು ಕಣ್ಣಂಚಿನಲ್ಲಿ ಅವಳ ಬಲಗೈ ಮಡಿಲಿನಿಂದ ಮೇಲೆದ್ದದ್ದರಿಂದ. ಕೈ ಎದ್ದರೆ ಮಾತು ಶುರು, ಇಳಿದರೆ ಮುಗಿಯಿತು. ಇಳಿದಾಗ ಅವನು 'ಹೂಂ' ಎಂದ. ಎರಡು ವರ್ಷದಿಂದ ಈ ಕಾರಿನೊಳಗಿನ ಸಂಸಾರ ನಡೆದಿದ್ದೇ ಹೀಗೆ. ಕಿವಿ ಮಂದವಾಗುವುದು ಮಗ್ಗದವರಲ್ಲಿ ಒಂದು ಕೊರತೆಯೇ ಅಲ್ಲ. ತಮಿಳು ಸೀಮೆಯ ಅವಿನಾಶಿಯಲ್ಲಿ, ಮನೆಯೊಳಗೆ ಕನ್ನಡವಾಡುವ ನೇಕಾರರ ಆ ಬೀದಿಯಲ್ಲಿ, ಒಬ್ಬರಿಗೊಬ್ಬರು ಕೂಗಿಕೊಂಡೇ ಮಾತಾಡುವುದು, ಹೊರಗಿನವರು ಜಗಳವೆಂದು ತಿಳಿಯುವುದು, ಎಲ್ಲ ಮಾಮೂಲು. ಆ ಕೂಗಾಟದ ಮರೆಯಲ್ಲಿ ಅವನ ಕಿವಿ ಮಂದವಾಗಿ, ಮತ್ತೂ ಮಂದವಾಗಿ, ಒಂದು ದಿನ ನಿಂತೇಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲವೆಂದು ಅವನು ನಂಬಿಕೊಂಡಿದ್ದ. ಅದಕ್ಕೆ ಬೇಕಾದ ಉಪಾಯಗಳನ್ನೂ ಕಲಿತಿದ್ದ. ಸಭೆಯಲ್ಲಿ ತಾನೇ ಮೊದಲು ಮಾತೆತ್ತುವುದು, ನಾಲ್ಕು ಜನ ನಕ್ಕಾಗ ನಗುವುದು, ಉತ್ತರ ಗೊತ್ತಿರುವುದನ್ನೇ ಕೇಳುವುದು, ಫೋನು ಕಂಡರೆ 'ಈ ದರಿದ್ರ ನನ್ನ ಕೈಗೆ ಕೊಡಬೇಡಿ' ಎಂದು ರೇಗುವುದು. ಹೋದ ತಿಂಗಳು ಬೀಗರ ಮನೆಯ ನಾಮಕರಣದಲ್ಲಿ ಬೆನ್ನ ಹಿಂದೆ ಯಾರೋ ಏನೋ ಕೇಳಿದ್ದಕ್ಕೆ ಅವನು ತಿರುಗಿ 'ಚೆನ್ನಾಗಿತ್ತು, ಪಾಯಸ ಮಾತ್ರ ಸ್ವಲ್ಪ ಸಿಹಿ ಕಮ್ಮಿ' ಎಂದಿದ್ದ. ಕೇಳಿದ ದೇವರಾಜನ್, ಪಕ್ಕದ ಶೆಡ್ಡಿನ ಹಳೆಯ ಗೆಳೆಯ, ಹೆಗಲು ತಟ್ಟಿ ಹೋಗಿಬಿಟ್ಟ. ದೇವರಾಜನ್ ಕೇಳಿದ್ದು ತೀರಿಹೋದ ತಮ್ಮನ ಕರ್ಮದ ದಿನ ಬರುತ್ತೀಯಾ ಎಂದು. ಅದು ತಿಳಿದದ್ದು ಮಾರನೆಯ ದಿನ. ಆ ತಟ್ಟಿದ ಕೈ ಈಗಲೂ ಹೆಗಲ ಮೇಲೆ ಕೂತಂತಿದೆ, ಬೈದಿದ್ದರೆ ಎದ್ದುಹೋಗುತ್ತಿತ್ತೇನೋ.

ಕರುಮತ್ತಂಪಟ್ಟಿಯ ಹತ್ತಿರ ಕನ್ನಡಿಯ ತುಂಬ ಒಂದು ಟ್ಯಾಂಕರ್ ಬಂದು ನಿಂತಿತು. ಅದರ ದೀಪಗಳು ಹತ್ತಿ ಆರುತ್ತಿದ್ದವು. ಎಷ್ಟು ಹೊತ್ತಿನಿಂದ ಹಾರನ್ ಹೊಡೆಯುತ್ತಿದ್ದನೋ ಪುಣ್ಯಾತ್ಮ, ಹಾದುಹೋಗುವಾಗ ಡ್ರೈವರು ಕಿಟಕಿಯಿಂದ ಬಾಗಿ ಬೈದ. ತಮಿಳಿನ ಆ ಬೈಗುಳವನ್ನು ದಂಡಪಾಣಿ ಚೆನ್ನಾಗಿಯೇ ಓದಿದ. ಬೈಗುಳದಷ್ಟು ಸ್ಪಷ್ಟವಾಗಿ ತುಟಿ ಬೇರೆ ಯಾವ ಮಾತನ್ನೂ ಆಡುವುದಿಲ್ಲ. ರುಕ್ಮಣಿ ತಲೆಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಮಂಡಿನೋವಿಗೆ ಹಾಗೆ ಹಿಡಿದಿರಬೇಕು ಎಂದುಕೊಂಡ.

ತುಟಿ ಓದುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಮಗ್ಗದ ಶೆಡ್ಡಿನಲ್ಲಿ ಅದು ಮೈಗೆ ಹತ್ತಿದ್ದು. ಹನ್ನೆರಡು ಪವರ್‌ಲೂಮ್ ಒಟ್ಟಿಗೆ ಬಡಿಯುವಾಗ ಬ್ರಹ್ಮ ಬಂದು ಕೂಗಿದರೂ ಕೇಳದು. ಎಳೆ ಕಡಿದದ್ದು, ಲಾಳಿ ಖಾಲಿಯಾದದ್ದು, ಊಟ ಬಂದದ್ದು, ಎಲ್ಲ ತುಟಿಯಲ್ಲೇ. ಕೆಲಸದವರ ಜೊತೆ ತಮಿಳಿನ ತುಟಿ, ಹೆಂಡತಿಯ ಜೊತೆ ಮನೆಯ ಕನ್ನಡದ ತುಟಿ. ಕನ್ನಡ ಅಕ್ಷರ ಇಬ್ಬರಿಗೂ ಬಾರದು, ಆದರೆ ಅವಳ ಬಾಯಿಯ ಮೇಲೆ ಅವನು ಓದಿದಷ್ಟು ಕನ್ನಡವನ್ನು ಮೈಸೂರಿನ ಪಂಡಿತರೂ ಓದಿರಲಾರರು. ಆರನೆಯ ಮಗ್ಗದ ಆಚೆ ನಿಂತು ಅವಳು ಅತ್ತೆಯ ಮೇಲೆ ಹೇಳಿದ ಚಾಡಿ, ಬಸುರಿಯಾದ ಸುದ್ದಿ, ಒಂದು ಸಲ ಕೆಲಸದವರೆಲ್ಲರ ನಡುವೆ ನಿಂತು ಯಾರಿಗೂ ತಿಳಿಯದಂತೆ ಆಡಿದ ಒಂದು ಪೋಲಿ ಮಾತು, ಅದಕ್ಕೆ ತಾನು ನಕ್ಕು ಲಾಳಿಗೆ ಕೈ ಕೊಟ್ಟು ಉಗುರು ಕಳೆದುಕೊಂಡದ್ದು. ಕರೆಂಟ್ ಹೋದಾಗ ಮಾತ್ರ ಎಲ್ಲ ಒಮ್ಮೆಗೇ ನಿಂತು, ಆ ಮೌನದಲ್ಲಿ ಇಬ್ಬರಿಗೂ ನಾಚಿಕೆಯಾಗುತ್ತಿತ್ತು. ಅರ್ಧದಲ್ಲಿದ್ದ ಮಾತಿಗೆ ಇದ್ದಕ್ಕಿದ್ದಂತೆ ದನಿ ಬಂದುಬಿಡುತ್ತಿತ್ತು, ಅವಳು ಬಾಯಿ ಮುಚ್ಚಿಕೊಂಡು ಒಳಗೆ ಓಡುತ್ತಿದ್ದಳು. ಮನೆಯೊಳಗೂ ಹಗಲು ರಾತ್ರಿ ಮಗ್ಗದ ಸದ್ದೇ ತುಂಬಿರುತ್ತಿದ್ದುದರಿಂದ, ಮೂವತ್ತು ವರ್ಷ ಸಂಸಾರ ಮಾಡಿಯೂ ಅವಳ ದನಿ ಹೇಗಿದೆ ಎಂದು ಯಾರಾದರೂ ಕೇಳಿದ್ದರೆ ಅವನು ತಡವರಿಸುತ್ತಿದ್ದ.

ಮಗ್ಗಗಳನ್ನು ಮಾರಿ ಶೆಡ್ಡು ಖಾಲಿಯಾದ ವರ್ಷ ಈ ಕಾರು ಬಂತು. ಕರೆಂಟ್ ಕಾರು ಎಂದರೆ ಜನ ನಗುತ್ತಿದ್ದ ಕಾಲ. ನೋಡಲು ಎಲ್ಲ ಕಾರಿನಂತೆಯೇ, ಚಿಕ್ಕದು, ಡಿಕ್ಕಿಯಿದ್ದದ್ದು, ಮರ್ಯಾದಸ್ಥರು ಮದುವೆಗೆ ಹೋಗುವಂಥದ್ದು. ಬಾನೆಟ್ ಎತ್ತಿದರೆ ಮಾತ್ರ ಇಂಜಿನ್ ಇರಬೇಕಾದ ಜಾಗದಲ್ಲಿ ಒಂದು ಬೆಳ್ಳಿಯ ಬಣ್ಣದ ಪೆಟ್ಟಿಗೆ. "ತರಿಗೇ ಕರೆಂಟ್ ಸಿಕ್ದೆ ಮಾರ್ದೆ, ಈಗ ಗಾಡಿಗೆ ಕುಡಿಸ್ತೀಯೇನಪ್ಪಾ?" ಎಂದು ದೇವರಾಜನ್ ಆಡಿಕೊಂಡಿದ್ದ. ಮಗ್ಗವನ್ನು ಅವರೆಲ್ಲ ತಮಿಳಿನವರಂತೆ ತರಿ ಎಂದೇ ಕರೆಯುತ್ತಿದ್ದುದು. ಮೊದಲ ಸಲ ಇಬ್ಬರೇ ಕಾಂಗೇಯಕ್ಕೆ ಹೋದರು, ಗಾಣದಿಂದ ತೆಂಗಿನೆಣ್ಣೆ ತರುವ ನೆಪ. ಕಾರು ಹೊರಟು ಬೀದಿಯ ತಿರುವು ದಾಟಿದ ಮೇಲೆ ಪಕ್ಕದಿಂದ ಯಾವುದೋ ಹೆಂಗಸಿನ ದನಿ, ತಗ್ಗಿನ ದನಿ, ಗಂಜಿ ಹಾಕದ ನೂಲಿನಂತೆ ಅಂಚಿನಲ್ಲಿ ಸ್ವಲ್ಪ ಒರಟು, "ಏನುಂಗ, ಇದು ಓಡ್ತಾ ಇದೆಯಾ, ಇಲ್ಲ ನಾವೇ ಓಡ್ತಾ ಇದ್ದೀವಾ?" ಎಂದಿತು. ಅವನು ಬೆಚ್ಚಿ ತಿರುಗಿ ನೋಡಿದ. ರುಕ್ಮಣಿಯೇ. ಆಗ ಇನ್ನೂ ಕಿವಿಯಲ್ಲಿ ಒಂದಿಷ್ಟು ಜೀವವಿತ್ತು. ಇಂಜಿನ್ನಿನ ಗದ್ದಲವಿಲ್ಲದ ಆ ಕಾರಿನಲ್ಲಿ ಅಷ್ಟೇ ಸಾಕಾಗಿತ್ತು. ಕೊಬ್ಬರಿ ಒಣಹಾಕಿದ ಕಣಗಳ ವಾಸನೆ ಒಳಗೆಲ್ಲ ತುಂಬಿಕೊಂಡಿತು. ದಾರಿಗೆ ಅಡ್ಡ ಬಂದ ಕಾಂಗೇಯದ ಎತ್ತುಗಳು ಸದ್ದೇ ಇಲ್ಲದ ಕಾರನ್ನು ಲೆಕ್ಕಕ್ಕೇ ಇಡದೆ ನಿಂತವು, ಅವಳು ಕಿಟಕಿಯಿಂದ ತಲೆ ಹಾಕಿ 'ಹೇ, ಹೇ' ಎಂದು ಓಡಿಸಿದಳು, ಓಡಿಸಿ ತಾನೇ ನಕ್ಕಳು. ಬರುವಾಗ ಅವಳು ತನಗೆ ತಾನೇ ಎಂಬಂತೆ ಏನೋ ಗುನುಗುತ್ತಿದ್ದಳು, ಚೌಡಮ್ಮನ ಗುಡಿಯಲ್ಲಿ ಹೆಂಗಸರು ಹೇಳುವ ಹಾಡು. ಐವತ್ತೆಂಟರ ಗಂಡಸು, ಸ್ಟೇರಿಂಗ್ ಹಿಡಿದ ಕೈ ಬೆವೆತು, ಮದುವೆಯಾದ ಹೊಸದರಲ್ಲಿ ಇರಬೇಕಾಗಿದ್ದ ಸಂಕೋಚವನ್ನೆಲ್ಲ ಆ ದಿನ ಪಟ್ಟ. ಮನೆಯ ಗೇಟು ಬಂದಾಗ ನಿಲ್ಲಿಸದೆ ಸೇವೂರಿನ ಕಡೆ ತಿರುಗಿಸಿ ಇನ್ನೊಂದು ಸುತ್ತು ಹೋಗಿಬಂದ. ಎಣ್ಣೆ ಮುಗಿಯುವ ಮೊದಲೇ ಎಣ್ಣೆಗೆ ಹೋಗುವುದು ಆಮೇಲೆ ಪದ್ಧತಿಯೇ ಆಯಿತು. ಮನೆಯಲ್ಲಿ ಡಬ್ಬಗಳು ಸಾಲುಗಟ್ಟಿದವು, ಸೊಸೆ ಇಲಕ್ಕಿಯಾ ಮಾವನಿಗೆ ಅರಳುಮರಳು ಎಂದು ತಿಳಿದಳು.

ಗೆರೆಗಳು ಕಮ್ಮಿಯಾಗತೊಡಗಿದ್ದೂ ಅವಳ ದನಿ ದೂರವಾಗತೊಡಗಿದ್ದೂ ಒಂದೇ ಸುಮಾರಿಗೆ. ಎರಡಕ್ಕೂ ಸಂಬಂಧವಿಲ್ಲವೆಂದು ಅವನಿಗೆ ಗೊತ್ತಿಲ್ಲದೆ ಏನಿಲ್ಲ. ಆದರೂ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಇಟ್ಟುಕೊಳ್ಳುವಾಗ, ಬ್ಯಾಟರಿ ಹೊಸದಾದರೆ, ಕಾರು ಮೊದಲಿನಂತೆ ಕಾಂಗೇಯಕ್ಕೆ ಹೋಗಿ ಬರುವಂತಾದರೆ, ಉಳಿದದ್ದೂ ಮೊದಲಿನಂತೆ ಆಗಬಹುದೆಂದು ಒಳಗೊಂದು ಮೂಲೆ ಹೇಳುತ್ತಿತ್ತು. ಅದನ್ನು ಹೊರಗೆ ಹೇಳಿದರೆ ಹುಚ್ಚಾಸ್ಪತ್ರೆಗೆ ಒಯ್ಯುತ್ತಾರೆ. ಹೇಳದೆ ನಂಬಿಕೊಂಡರೆ ಯಾರಿಗೇನು ನಷ್ಟ?

ನೀಲಂಬೂರಿನಲ್ಲಿ ಬೈಪಾಸಿಗೆ ತಿರುಗಿದಾಗ ರುಕ್ಮಣಿಯ ಕೈ ಮತ್ತೆ ಎದ್ದಿತು, ಇಳಿಯಿತು. 'ಹೂಂ' ಎಂದ. ಕೂಡಲೇ ಮತ್ತೆ ಎದ್ದಿತು. 'ಹೂಂ, ಹೂಂ' ಎಂದ. ವೆಳ್ಳಲೂರು ಕೆರೆಯ ನೀರು ಕಾಣುವ ಹೊತ್ತಿಗೆ ಆ ಕೈ ಅವನ ತೋಳನ್ನೇ ಮುಟ್ಟಿತು. ಮುಟ್ಟಿದ್ದರಿಂದ ತಿರುಗಿ ನೋಡಬೇಕಾಗಿತ್ತು. ಮುಂದೆ ಬಸ್ಸು ಅಡ್ಡ ಬರುತ್ತಿತ್ತು, ನೋಡಲಾಗಲಿಲ್ಲ. "ಹೂಂ ಅಂದ್ನಲ್ಲ!" ಎಂದು ಸಿಡುಕಿದ. ಕೈ ಮಡಿಲಿಗೆ ಹೋಗಿ ಬಿದ್ದದ್ದು ಪೋತ್ತನೂರಿನವರೆಗೂ ಏಳಲಿಲ್ಲ.

ಗೋಪಿನಾಥನ ಅಂಗಡಿ ರೈಲ್ವೆ ಕ್ವಾರ್ಟರ್ಸಿನ ಹಿಂದಿನ ರಸ್ತೆಯಲ್ಲಿತ್ತು. ಮುಂದುಗಡೆ ಗೋಡೆಯ ತುಂಬ ಕಬ್ಬಿಣದ ಗೂಡುಗಳು, ಪ್ರತಿ ಗೂಡಿನಲ್ಲೂ ಒಂದು ಬ್ಯಾಟರಿ ಪೆಟ್ಟಿಗೆ ಚಾರ್ಜು ಕುಡಿಯುತ್ತ ಕೂತಿತ್ತು. ಆಟೋದವರು ಬರುವರು, ಸೀಟಿನಡಿಯ ಖಾಲಿ ಪೆಟ್ಟಿಗೆ ಎಳೆದು ಗೂಡಿಗೆ ತಳ್ಳುವರು, ತುಂಬಿದ್ದನ್ನು ಎತ್ತಿ ಹಾಕಿಕೊಂಡು ಬಾಯಿಯ ಎಲೆಯಡಿಕೆ ಮುಗಿಯುವ ಮೊದಲೇ ಹೊರಟುಹೋಗುವರು. ಯಾರ ಪೆಟ್ಟಿಗೆ ಯಾರಿಗೆ ಹೋಯಿತೆಂದು ಒಬ್ಬನೂ ತಿರುಗಿ ನೋಡುತ್ತಿರಲಿಲ್ಲ. ಕಿವಿಗೂ ಹೀಗೊಂದು ಅಂಗಡಿ ಇದ್ದಿದ್ದರೆ ಎಂದು ದಂಡಪಾಣಿಗೆ ಅನ್ನಿಸಿ, ಯಾರದೋ ಆಟೋದವನ ಕಿವಿಯಲ್ಲಿ ರುಕ್ಮಣಿಯ ಮಾತು ಕೇಳುವುದನ್ನು ನೆನೆದು ಇರಿಸುಮುರಿಸಾಯಿತು. ಗೋಪಿನಾಥ್ ಕೈ ಒರೆಸಿಕೊಳ್ಳುತ್ತ ಬಂದ. ಅವನ ಮೀಸೆ ಬಾಯಿಯ ಮೇಲೆ ಅಂಗಡಿಯ ಶಟರಿನಂತೆ ಇಳಿದಿತ್ತು, ಒಂದು ಅಕ್ಷರವೂ ಹೊರಗೆ ಕಾಣದು. 'ವಾಂಗ ಐಯಾ', ಬನ್ನಿ ಅಯ್ಯಾ, ಎಂದಿರಬೇಕು ಎಂದು ಊಹಿಸಿ ಇವನೂ ಕೈಮುಗಿದ. ಹಿಂದಿನ ಶೆಡ್ಡಿನಲ್ಲಿ ಅದೇ ಜಾತಿಯ ಕಾರು ನಿಂತಿತ್ತು, ಬಣ್ಣ ಬೇರೆ, ಬಾಗಿಲ ಮೇಲೆ ಟ್ಯಾಕ್ಸಿಯ ಹಳದಿ ಪಟ್ಟಿ. ತನ್ನ ಕಾರಿನ ತಮ್ಮನನ್ನು ಕಂಡಂತೆ ಅವನಿಗೆ ಹಿಗ್ಗಾಯಿತು. ಪಾಪ, ಇದರ ಕಾಲ ಮುಗಿಯಿತು ಎಂದು ಅದರ ಬೆನ್ನು ಸವರಿದ.

ಆ ಕಾರಿನ ಹಿಂದಿನಿಂದ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಖಾಕಿ ಅಂಗಿ, ಹಣೆಯಲ್ಲಿ ದೊಡ್ಡ ಕುಂಕುಮ. ಅವಳ ಹೆಸರು ಸುಶೀಲ ಎಂದೂ ಪೋತ್ತನೂರು ಜಂಕ್ಷನ್ನಿನಲ್ಲಿ ಟ್ಯಾಕ್ಸಿ ಓಡಿಸುತ್ತಾಳೆಂದೂ ಅವಳೇ ಹೇಳಿಕೊಂಡಳು. ಅವಳ ತುಟಿ ಎಷ್ಟು ಸ್ಪಷ್ಟವೆಂದರೆ ದಂಡಪಾಣಿಗೆ ದೇವರು ಸಿಕ್ಕಿದಂತಾಯಿತು. ಅವಳು ಎರಡೂ ಕೈ ಜೋಡಿಸಿ ತಮಿಳಿನಲ್ಲಿ ಹೇಳಿದಳು:

"ದೊಡ್ಡ ಮನಸ್ಸು ಅಯ್ಯಾ ನಿಮ್ಮದು. ನಿಮ್ಮ ಗಾಡಿಯ ಸೆಲ್ ನನಗೆ ಕೊಡ್ತೀರಿ ಅಂತ ಈ ಅಮ್ಮ ಫೋನಲ್ಲಿ ಹೇಳಿದಾಗ ನಾನು ನಂಬಲೇ ಇಲ್ಲ. ಗಾಡಿ ನಿಂತು ಮನೆಯಲ್ಲೇ ಕೂತಿದ್ದೆ."

ತುಟಿ ಓದುವುದರಲ್ಲಿ ತಾನು ತಪ್ಪಿರಲಿ ಎಂದು ಅವನು ಬಯಸಿದ. ಆದರೆ ಗೋಪಿನಾಥ್ ಆಗಲೇ ಅವನ ಕಾರಿನಡಿಗೆ ಜಾಕು ತಳ್ಳುತ್ತಿದ್ದ.

"ಯಾರು ಹೇಳಿದ್ದು?" ಎಂದು ದಂಡಪಾಣಿ ಕೂಗಿದ. ಎಷ್ಟು ಜೋರಾಗಿ ಕೂಗಿದನೆಂದು ಅವನಿಗೆ ತಿಳಿದದ್ದು ಮುಂದುಗಡೆ ಆಟೋದವರು ಇತ್ತ ತಿರುಗಿದಾಗ.

ರುಕ್ಮಣಿ ಎದುರಿಗೆ ಬಂದು ನಿಂತಳು. ಎಲ್ಲರಿಗೂ ಕೇಳುವಂತೆ, ತಮಿಳಿನಲ್ಲಿ, ನಿಧಾನವಾಗಿ, "ನೀವೇ ಅಲ್ವಾ ಹೇಳಿದ್ದು?" ಎಂದಳು. "ಗಾಡಿಯನ್ನ ಇವರಿಗೇ ಬಿಟ್ಟುಕೊಟ್ಟುಬಿಡೋಣ್ವಾ ಅಂತ ಹೋದ ವಾರ ಗಾಡಿಯಲ್ಲಿ ಹೋಗುವಾಗ ಕೇಳಿದೆ. ಹೂಂ ಅಂದ್ರಿ. ಈಗ ಬರುವಾಗಲೂ ಕೇಳಿದೆ, ತಿರುಗಿ ತಿರುಗಿ ಕೇಳಿದೆ. ಹೂಂ ಅಂದ್ನಲ್ಲ ಅಂತ ಬೈದ್ರಿ."

ಅಡಕತ್ತರಿಗೆ ಸಿಕ್ಕ ಅಡಕೆಯಂತೆ ನಿಂತುಬಿಟ್ಟ. ಕಾರು ಉಳಿಯಬೇಕಾದರೆ ಕೇಳಿಸಲಿಲ್ಲ ಎನ್ನಬೇಕು, ಈ ಆಟೋದವರ ಮುಂದೆ, ಈ ಮೀಸೆಯವನ ಮುಂದೆ, ಕೈಮುಗಿದು ನಿಂತ ಈ ಹೆಂಗಸಿನ ಮುಂದೆ. ಕಿವಿಯ ಮಾನ ಉಳಿಯಬೇಕಾದರೆ ಕಾರು ಹೋಗಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಕೆಲಸದವರಿಗೆ ಬುದ್ಧಿ ಹೇಳುತ್ತಿದ್ದ ಬಾಯಿ ಇದು. ಆಡದ ಮಾತನ್ನು ಆಡಿಲ್ಲ ಎನ್ನಲೂ ಈಗ ಅದಕ್ಕೆ ಆಗುತ್ತಿಲ್ಲ. ಹೆಂಡತಿಯ ಮೇಲೆ ಕೆಂಡದಂಥ ಸಿಟ್ಟು ಬಂತು. ಬೇಕೆಂದೇ ಮಾಡಿದಳೇ? ಅಡುಗೆಮನೆಯ ಬಾಗಿಲಲ್ಲಿ ಎದುರಿಗೆ ನಿಂತು ಎಲ್ಲ ಹೇಳಿದವಳು ಇದೊಂದನ್ನು ಮಾತ್ರ ಕಾರಿನಲ್ಲಿ, ಪಕ್ಕದಲ್ಲಿ ಕೂತು, ತನ್ನ ಕಣ್ಣಿಗೆ ಬಾಯಿ ಕಾಣದ ಜಾಗದಲ್ಲಿ ಯಾಕೆ ಕೇಳಿದಳು? ಆ ಪ್ರಶ್ನೆ ಮೂಡಿದ್ದೇ ತಡ, ಅದರ ಉತ್ತರವೂ ಮೂಡಿತು. ಅವಳ ಕಡೆ ತಿರುಗಿ, ದನಿಯಿಲ್ಲದೆ, ಶೆಡ್ಡಿನಲ್ಲಿ ಮಾತಾಡುತ್ತಿದ್ದ ಹಾಗೆ, ಬರಿಯ ತುಟಿಯಲ್ಲಿ ಮನೆಯ ಕನ್ನಡದಲ್ಲಿ ಹೇಳಿದ:

"ನಂಗೆ ಕೇಳಲ್ಲ."

ಅವಳೂ ಬರಿಯ ತುಟಿಯಲ್ಲೇ, "ಗೊತ್ತು" ಎಂದಳು.

"ಯಾವಾಗಿಂದ?"

"ಕಾಂಗೇಯಕ್ಕೆ ಹೋಗ್ವಾಗ ಹಾಡ್ತಿದ್ನಲ್ಲ, ಒಂದಿನ ನಿಲ್ಸ್ದೆ. ಯಾಕೆ ನಿಲ್ಸ್ದೆ ಅಂತ ನೀವು ಕೇಳ್ಲಿಲ್ಲ. ಅವತ್ತಿಂದ."

"ಗೊತ್ತಿದ್ದೂ ಯಾಕೆ ಮಾತಾಡ್ತಾ ಬಂದೆ?"

ಅವಳ ತುಟಿ ಒಂದು ಸಲ ನಡುಗಿತು. ನಡುಗಿದ ತುಟಿಯನ್ನು ಓದುವುದು ಕಷ್ಟ. ಅವನು ಒಂದು ಹೆಜ್ಜೆ ಹತ್ತಿರ ಹೋದ.

"ಒಂದ್ಸಲನಾದ್ರೂ 'ಏನಂದೆ' ಅಂತ ಕೇಳ್ತೀರೇನೋ ಅಂತ. ಗಾಡಿ ಕೊಡೋಣ್ವಾ ಅಂದ್ರೂ ಕೇಳ್ಲಿಲ್ಲ. ಹಿಂದೆ ಲಾರಿ ಬಡ್ಕೊಂಡ್ರೂ ಕೇಳಲ್ಲ, ನಾನು ಜೀವ ಕೈಯಲ್ಲಿ ಹಿಡ್ಕೊಂಡು ಕೂತಿರ್ತೀನಿ. ಈಗ ಬೇಡ ಅಂದ್ರೆ ಬೇಡ ಅನ್ನಿ, ಗಾಡಿ ವಾಪಸ್ ಮನೆಗೆ ಹೋಗ್ಲಿ. ಆದ್ರೆ ಯಾಕೆ ಬೇಡ ಅಂತ ಬಾಯ್ಬಿಟ್ಟು ಹೇಳಿ."

ಗೋಪಿನಾಥ್ ಇಬ್ಬರ ಮುಖವನ್ನೂ ನೋಡುತ್ತ ಜಾಕಿನ ಹಿಡಿ ಹಿಡಿದು ಕೂತಿದ್ದ. ಸದ್ದಿಲ್ಲದೆ ಜಗಳವಾಡುವ ಗಂಡ ಹೆಂಡಿರನ್ನು ಅವನು ಮೊದಲು ಕಂಡಿರಲಾರ. ದಂಡಪಾಣಿ ಕಾರಿನ ಬಾಗಿಲ ಮೇಲೆ ಕೈಯಿಟ್ಟ. ಬಿಸಿಲಿಗೆ ಸುಡುತ್ತಿತ್ತು. ಸೇವೂರಿನ ಸುತ್ತು ನೆನಪಾಯಿತು, ಎತ್ತುಗಳು, ಆ ನಗು. ಈ ಡಬ್ಬದೊಳಗೆ ಆ ನಗು ಇದ್ದೇ ಇದೆ, ಗೆರೆ ತುಂಬಿದರೆ ಹೊರಗೆ ಬರುತ್ತದೆ ಎಂದು ಬೆಳಿಗ್ಗೆ ತಾನೇ ನಂಬಿದ್ದನಲ್ಲ. ಅಳು ಬಂತು. ಅದನ್ನು ಕೆಮ್ಮಿನಲ್ಲಿ ಹೊರಳಿಸಿ ಅವನು ಸುಶೀಲಳ ಕಡೆ ತಿರುಗಿದ.

"ಎನಕ್ಕು ಕಾದು ಕೇಕ್ಕಾದಮ್ಮಾ," ನನಗೆ ಕಿವಿ ಕೇಳಿಸೋದಿಲ್ಲಮ್ಮಾ ಎಂದು ತಮಿಳಿನಲ್ಲಿ ಗಟ್ಟಿಯಾಗಿ ಹೇಳಿದ. ಪೋತ್ತನೂರು ಜಂಕ್ಷನ್ನಿಗೇ ಕೇಳಿರಬೇಕು. ಆಟೋದವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದರು. "ಇವಳು ಕೇಳಿದ್ದು ನನಗೆ ಕೇಳಿಸಿರಲಿಲ್ಲ. ಕೇಳಿಸದೇ ಹೂಂ ಅಂದೆ. ಅದು ಲೆಕ್ಕವಲ್ಲ. ಈಗ ತಿಳಿದು ಹೇಳ್ತಿದ್ದೀನಿ. ತಗೋ."

ಸುಶೀಲ ಏನೋ ಹೇಳಲು ಹೋಗಿ, ಹೇಳಿದರೆ ಇವರಿಗೆ ಕೇಳಿಸದಲ್ಲ ಎಂದು ಗಲಿಬಿಲಿಗೊಂಡು ಮತ್ತೆ ಕೈಜೋಡಿಸಿದಳು. ಅವಳಿಗೆ ಇನ್ನೂ ಗೊತ್ತಿರಲಿಲ್ಲ, ತುಟಿ ಕಾಣುವಂತೆ ಅವಳಷ್ಟು ಚೆನ್ನಾಗಿ ಅವನೊಡನೆ ಹೊರಗಿನವರು ಯಾರೂ ಮಾತಾಡಿರಲಿಲ್ಲವೆಂದು. ಗೋಪಿನಾಥ್ ಜಾಕು ಎತ್ತಿದ. ಕಾರು ಒಂದು ಬದಿಗೆ ಮೆಲ್ಲಗೆ ವಾಲಿ ಮೇಲೆದ್ದಿತು. ತಳದಿಂದ ಬ್ಯಾಟರಿಯ ಪೆಟ್ಟಿಗೆ ಇಳಿಸಲು ಮಧ್ಯಾಹ್ನವಾಗುತ್ತದೆಂದು ಬೆರಳಿನಲ್ಲಿ ಬಿಸಿಲು ತೋರಿಸಿ ತಿಳಿಸಿದ. ಕಿವಿ ಇಲ್ಲವೆಂದು ಹೇಳಿಬಿಟ್ಟರೆ ಜನ ಎಷ್ಟು ಬೇಗ ಕೈ ಆಡಿಸುವುದು ಕಲಿಯುತ್ತಾರೆ.

ಹೊರಗೆ ಬೇವಿನ ಮರದ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಅಕ್ಕಪಕ್ಕ ಹಾಕಿದ್ದರು. ರುಕ್ಮಣಿ ಒಂದರಲ್ಲಿ ಕೂತಳು. ದಂಡಪಾಣಿ ಇನ್ನೊಂದನ್ನು ಎತ್ತಿ ಅವಳಿಗೆ ಎದುರಾಗಿ ಇಟ್ಟ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ. ನಾಲ್ಕು ಜನ ನೋಡುತ್ತಿದ್ದರು, ನೋಡಲಿ ಎಂದುಕೊಂಡ. ದೇವರಾಜನ್ ತಟ್ಟಿದ ಹೆಗಲು ಹಗುರಾಗಿತ್ತು.

"ಕಾರಲ್ಲಿ ಹೇಳಿದ್ದನ್ನೆಲ್ಲ ಈಗ ಹೇಳು," ಎಂದ. "ಮೊದ್ಲಿಂದ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೈ ಮಡಿಲಲ್ಲೇ ಇಟ್ಟುಕೊಂಡು ಹೇಳಿದಳು:

"ಆ ಗಾಡೀಲಿ ನಾನು ಒಬ್ಳೇ ಇದ್ದೆ."

ಒಂದು ಅಕ್ಷರವೂ ತಪ್ಪದೆ ಅವನಿಗೆ ತಿಳಿಯಿತು. ಎಂದಿನಂತೆ ಗಂಟಲಿಗೆ 'ಹೂಂ' ಬಂದು ನಿಂತಿತು. ಅವನು ಅದನ್ನು ನುಂಗಿಕೊಂಡು, "ಏನಂದೆ?" ಎಂದ.

ಅವಳು ಇನ್ನೊಂದು ಸಲ ಹೇಳಿದಳು.